ಜಿಪ್ಸಮ್ ಶೀಟ್ ಹೊಡೆಯುವ ಹಿಂದಿನ ದಿನ

ಬೆಂಗಳೂರಿನ ವಿಜಯನಗರದ 30×40 ಸೈಟಿನ ಮನೆ. ಮೊದಲ ಮಹಡಿಯ ಹಾಲ್‌ಗೆ ಫಾಲ್ಸ್ ಸೀಲಿಂಗಿನ ಚಾನೆಲ್ (ಶೀಟ್ ಕೂರಿಸುವ ಲೋಹದ ಚೌಕಟ್ಟು) ಕಟ್ಟಿ ಮುಗಿದಿತ್ತು. ಮಾರನೇ ದಿನ ಶೀಟ್ ಹೊಡೆಯುವವರು ಬರುವವರಿದ್ದರು. ಲೈಟಿನ ಜಾಗ ಬದಲಿಸಲು ಖರ್ಚಿಲ್ಲದ ಕೊನೆಯ ದಿನ ಅದು. ಶೀಟ್ ಮುಚ್ಚಿದ ಮೇಲೆ ಒಂದು ಪಾಯಿಂಟ್ ಅರ್ಧ ಅಡಿ ಸರಿಸಬೇಕೆಂದರೂ ಕೊರೆಯೋದು, ಪುಟ್ಟಿ, ಪೇಂಟು ಎಲ್ಲ ಮತ್ತೆ ಮೊದಲಿಂದ.

ಕಂಟ್ರಾಕ್ಟರ್ ನಕ್ಷೆಯಲ್ಲಿ ನಾಲ್ಕರಂತೆ ಮೂರು ಸಾಲು, ಒಟ್ಟು 12 ಪ್ಯಾನೆಲ್ ಲೈಟು. ಒಂದೊಂದೂ 12 ವಾಟ್, 6500 ಕೆಲ್ವಿನ್, ಅಂದರೆ ತಣ್ಣನೆ ಬಿಳಿ ಬಣ್ಣ. "ಎಲ್ರ ಮನೇಲೂ ಹೀಗೇ ಸಾರ್, ಜಗಮಗ ಅನ್ನುತ್ತೆ" ಅಂದರು. ಜಗಮಗ ಅನ್ನುವುದರಲ್ಲಿ ಸಂಶಯವಿಲ್ಲ. ಹಾಲ್ 12 ಅಡಿಗೆ 16 ಅಡಿ, ಅಂದರೆ ಸುಮಾರು 18 ಚದರ ಮೀಟರ್. ವಾಟ್‌ಗೆ 90 ಲೂಮೆನ್ (ಲೈಟು ಹೊರಬಿಡುವ ಬೆಳಕಿನ ಅಳತೆ) ಹಿಡಿದರೆ ಒಟ್ಟು ಹತ್ತಿರ ಹತ್ತಿರ 13,000 ಲೂಮೆನ್. ಅದರಲ್ಲಿ ಶೇ. 60 ಕೆಳಗೆ ಇಳಿದರೂ 430 ಲಕ್ಸ್, ಅಂದರೆ ಚದರ ಮೀಟರಿಗೆ ಅಷ್ಟು ಲೂಮೆನ್. ಅದು ಆಫೀಸಿನ ಮೇಜಿಗೆ ಬೇಕಾದ ಬೆಳಕು. ಹರಟೆ, ಟಿವಿ, ಬಂದು ಹೋಗುವ ನೆಂಟರು ಇಷ್ಟಕ್ಕೆ 100ರಿಂದ 150 ಲಕ್ಸ್ ಧಾರಾಳ. 300 ಬೇಕಾಗುವುದು ಪೇಪರ್ ಓದುವ, ಹೂ ಕಟ್ಟುವ, ಸೊಪ್ಪು ಬಿಡಿಸುವ ಒಂದೆರಡು ಜಾಗಕ್ಕೆ ಮಾತ್ರ.

ಹಾಗಾಗಿ ಸೀಲಿಂಗ್ ನೋಡುವುದನ್ನು ಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಸೋಫಾ, ಟಿವಿ ಯೂನಿಟ್, ಕುರ್ಚಿ ಬರೆದದ್ದಾಯಿತು. "ಅಮ್ಮ ಕೂರೋದು ಈ ಕಿಟಕಿ ಪಕ್ಕ" ಅಂದರು ಮನೆಯವರು. ಆ ಕಿಟಕಿಯಿಂದ ಪಕ್ಕದ ಮನೆ ಗೋಡೆ ಮೂರೇ ಅಡಿ. ಹಗಲು ಹನ್ನೊಂದಕ್ಕೂ ಅಲ್ಲಿ ಅಕ್ಷರ ಕಾಣುವುದು ಕಷ್ಟ. ಎಲ್ಲಕ್ಕಿಂತ ಮೊದಲು ನಿಗದಿಯಾದದ್ದು ಆ ಮೂಲೆಯ ನಿಲುವು ದೀಪ: 9 ವಾಟ್ ಬಲ್ಬು, ಶೇಡಿನ ಕೆಳ ಅಂಚು ನೆಲದಿಂದ 40-42 ಇಂಚು, ಅಂದರೆ ಕೂತವರ ಕಣ್ಣಿನ ಮಟ್ಟ. ಅದಕ್ಕಿಂತ ಮೇಲಿದ್ದರೆ ಬಲ್ಬು ಕಣ್ಣಿಗೆ ಚುಚ್ಚುತ್ತದೆ. ಕುರ್ಚಿಯ ಹಿಂದೆ ನೆಲದಿಂದ ಒಂದಡಿ ಎತ್ತರಕ್ಕೆ 6 ಆಂಪ್ ಸಾಕೆಟ್, ಅದರ ಸ್ವಿಚ್ಚು ಬಾಗಿಲ ಬಳಿಯ ಬೋರ್ಡಿನಲ್ಲಿ. ಬಗ್ಗಿ ಹಾಕಬೇಕಾದ ದೀಪವನ್ನು ಯಾರೂ ಹಾಕುವುದಿಲ್ಲ.

ಇನ್ನು ಫ್ಯಾನು. ನಕ್ಷೆಯ ನಡುಸಾಲಿನ ಎರಡು ಲೈಟು ಫ್ಯಾನಿನ ಮಧ್ಯದಿಂದ ಸರಿಯಾಗಿ 2 ಅಡಿಗೆ ಬಿದ್ದಿದ್ದವು. 48 ಇಂಚಿನ ಫ್ಯಾನಿಗೆ ರೆಕ್ಕೆಯ ತುದಿಯೂ ಅಲ್ಲೇ ಬರುತ್ತದೆ. ರೆಕ್ಕೆ ತಿರುಗಿದಂತೆಲ್ಲ ಬೆಳಕು ಕತ್ತರಿಸಿ ಗೋಡೆ, ಪೇಪರು, ಎದುರಿಗಿರುವವರ ಮುಖ ಎಲ್ಲ ಪಟಪಟ ಮಿಟುಕುತ್ತದೆ. ಜನ ಇದಕ್ಕೆ ಬಲ್ಬನ್ನು ಬೈಯುತ್ತಾರೆ, ಎರಡು ಸಲ ಬದಲಿಸುತ್ತಾರೆ. ಕನಿಷ್ಠ 3 ಅಡಿ ದೂರ ಬೇಕು, ಅಷ್ಟೇ ಸಾಲದು. ರೆಕ್ಕೆ ಸೀಲಿಂಗಿನಿಂದ ಒಂದಡಿ ಕೆಳಗಿದ್ದರೆ, 110 ಡಿಗ್ರಿ ಹರಡುವ ಪ್ಯಾನೆಲ್ಲಿನ ಬೆಳಕು ಅಷ್ಟರಲ್ಲೇ ಸುಮಾರು 17 ಇಂಚು ಪಕ್ಕಕ್ಕೆ ಹೋಗಿ ರೆಕ್ಕೆಗೆ ತಾಗುತ್ತದೆ. 36 ಡಿಗ್ರಿಯ ಸಿಒಬಿ (ಬೆಳಕನ್ನು ಕಿರಿದಾಗಿ ಕೆಳಕ್ಕೆ ಬಿಡುವ ಸ್ಪಾಟ್ ಲೈಟು) ಆದರೆ 4 ಇಂಚು ಮಾತ್ರ, ತಾಗುವುದಿಲ್ಲ. ಇಲ್ಲಿ ಆ ಎರಡನ್ನೂ ತೆಗೆದೇ ಬಿಟ್ಟೆವು.

ಹನ್ನೆರಡರ ಜಾಗಕ್ಕೆ ಉಳಿದದ್ದು 7 ವಾಟ್‌ನ ಐದು ಸಿಒಬಿ. ಅದರಲ್ಲಿ ಮೂರು ಲೈಟು ಚಿತ್ರಗಳ ಗೋಡೆಗೆ, ಗೋಡೆಯಿಂದ 18 ಇಂಚಿಗೆ. 6 ಇಂಚಿಗೆ ಒತ್ತಿ ಹಾಕಿದರೆ ಫ್ರೇಮಿನ ನೆರಳು ಚಿತ್ರದ ಮೇಲೇ ಬೀಳುತ್ತದೆ. ಇನ್ನೆರಡು ಬಾಗಿಲಿನಿಂದ ಒಳಬರುವ ದಾರಿಗೆ. ಸೋಫಾದಲ್ಲಿ ಕೂತವರ ನೆತ್ತಿಯ ಮೇಲೆ ಒಂದೂ ಇಲ್ಲ: ಅಲ್ಲಿ ಹಾಕಿದರೆ ಕಣ್ಣಿನ ಗುಳಿಯಲ್ಲಿ ನೆರಳು, ಎದುರಿನ ಟಿವಿ ಪರದೆಯಲ್ಲಿ ಬಿಳಿ ಚುಕ್ಕೆ.

ಸಾಮಾನ್ಯ ಬೆಳಕಿಗೆ ಕೋವ್, ಅಂದರೆ ಸೀಲಿಂಗಿನ ಅಂಚಿನ ಗೂಡಿನಲ್ಲಿ ಅಡಗಿಸಿಟ್ಟ ಎಲ್‌ಇಡಿ ಸ್ಟ್ರಿಪ್ಪಿನಿಂದ ಮೇಲಕ್ಕೆ ಬಿಡುವ ಬೆಳಕು. ಅಂಚಿಗೆ 2 ಅಡಿ ಪಟ್ಟಿ ಇಳಿಸಿ ನಡುವೆ 12×8 ಅಡಿ ಮೇಲೆ ಬಿಡುವ ನಮೂನೆ ಮೊದಲೇ ಇತ್ತು. ಸುತ್ತ ನಾಲ್ಕೂ ಕಡೆ ಸ್ಟ್ರಿಪ್ ಹಾಕಿದರೆ ಮದುವೆ ಛತ್ರವೇ. ಒಂದು ಉದ್ದ, ಒಂದು ಅಗಲ ಸಾಕು: 20 ಅಡಿ, 6.1 ಮೀಟರ್. ಮೀಟರಿಗೆ 9.6 ವಾಟ್‌ನಂತೆ ಸುಮಾರು 59 ವಾಟ್. ಸೀಲಿಂಗಿಗೆ ಬಡಿದು ಬರುವಾಗ ಅರ್ಧ ಹೋದರೂ ಕೆಳಗೆ 145 ಲಕ್ಸ್ ಆಸುಪಾಸು ಉಳಿಯುತ್ತದೆ. ಸ್ಟ್ರಿಪ್ 12 ವೋಲ್ಟಿನದಲ್ಲ, 24 ವೋಲ್ಟಿನದು. ಉದ್ದಕ್ಕೂ ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ. ಎರಡು ಬದಿ ಕೂಡುವ ಮೂಲೆಯಿಂದ ಕೊಟ್ಟರೆ ಯಾವ ಕಡೆಯೂ 4 ಮೀಟರ್ ದಾಟುವುದಿಲ್ಲ. ಸ್ಟ್ರಿಪ್ಪಿಗೆ ಕರೆಂಟನ್ನು ಹೊಂದಿಸಿ ಕೊಡುವ ಡ್ರೈವರ್ 75 ವಾಟ್. 60ರದ್ದು ಹಾಕಿದರೆ ಸದಾ ತುಂಬಿದ ಹೊರೆಯಲ್ಲಿ ಕಾದು ಬೇಗ ಸಾಯುತ್ತದೆ. ಅದನ್ನು ಶೀಟಿನೊಳಗೆ ಮುಚ್ಚಬಾರದು. ಸ್ಟ್ರಿಪ್ ಇಲ್ಲದ ಬದಿಯ ಗೂಡಿನಲ್ಲಿ, ಏಣಿ ಹಾಕಿದರೆ ಕೈಗೆ ಸಿಗುವಂತೆ ಇಡಬೇಕು.

ಅಳತೆ ಪಟ್ಟಿ ಹಿಡಿದಾಗ ಸಿಕ್ಕಿದ ತೊಂದರೆ ಇಲ್ಲೇ: ಗೂಡಿನ ತಳದಿಂದ ಮೇಲಿನ ಸೀಲಿಂಗಿಗೆ ಮೂರೇ ಇಂಚು. ಅಷ್ಟರಲ್ಲಿ ಬೆಳಕು ಹರಡದೆ ಅಂಚಿನಲ್ಲೇ ಒಂದು ಬಿಳಿ ಗೆರೆಯಾಗಿ ನಿಲ್ಲುತ್ತದೆ. ಚಾನೆಲ್ ಬಿಚ್ಚಿ ಇನ್ನೂ 3 ಇಂಚು ಇಳಿಸಿದರು, ಒಟ್ಟು ಆರಾಯಿತು. ಗೊಣಗಿಕೊಂಡೇ ಇಳಿಸಿದರು ಅನ್ನಿ. ಮೇಲಿನ ಪೇಂಟು ಮ್ಯಾಟ್ ಇರಲಿ ಅಂದದ್ದೂ ಇದಕ್ಕೇ: ಓರೆಯಾಗಿ ಬೀಳುವ ಬೆಳಕಿನಲ್ಲಿ ಪುಟ್ಟಿಯ ಪ್ರತಿ ಉಬ್ಬೂ ಕಾಣುತ್ತದೆ.

ಬಣ್ಣ ಎಲ್ಲಕ್ಕೂ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯದು. ಒಂದೇ ಕೋಣೆಯಲ್ಲಿ ಬಿಳಿ, ಹಳದಿ ಬೆರೆಸಿದರೆ ಎರಡೂ ಕೆಟ್ಟದಾಗಿ ಕಾಣುತ್ತವೆ. ಮಳೆಗಾಲದ ಹುಳಗಳೂ ಬಿಳಿ ಲೈಟಿಗೇ ಹೆಚ್ಚು ಮುತ್ತುವುದು. ಚಿತ್ರದ ಗೋಡೆಗೆ ಸಿಆರ್‌ಐ 90 (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರರಲ್ಲಿ ಕೊಡುವ ಅಂಕ) ಇರಲಿ, ಕುಂಕುಮದ ಕೆಂಪು ಕೆಂಪಾಗಿಯೇ ಕಾಣಲು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ಉರಿಯುವ ಲೈಟಿಗೆ ಫೋನಿನ ಸ್ಲೋ ಮೋಷನ್ ಹಿಡಿಯಿರಿ. ಪಟ್ಟೆ ಓಡಿದರೆ ಡ್ರೈವರ್ ಅಗ್ಗದ್ದು. ಡ್ರೈವರ್ ಮೇಲೆ ಬಿ.ಐ.ಎಸ್. ನೋಂದಣಿ ಸಂಖ್ಯೆಯನ್ನೂ ನೋಡಿ.

ಸಂಜೆ ಹೊತ್ತಿಗೆ ವೈರಿಂಗ್. ಕೋವ್, ಚಿತ್ರದ ಗೋಡೆ, ದಾರಿ, ನಿಲುವು ದೀಪ ನಾಲ್ಕಕ್ಕೂ ಬೇರೆ ಬೇರೆ ಸ್ವಿಚ್. ಫೇಸ್ ಸ್ವಿಚ್ಚಿನ ಮೂಲಕವೇ ಹೋಗಬೇಕು. ನ್ಯೂಟ್ರಲ್ ಕತ್ತರಿಸಿದ್ದರೆ ಸ್ವಿಚ್ ಆರಿಸಿದರೂ ಎಲ್‌ಇಡಿ ರಾತ್ರಿಯೆಲ್ಲ ಮಿಣಮಿಣ ಅನ್ನಬಹುದು. ಮುಂದೆ ಸ್ಮಾರ್ಟ್ ಸ್ವಿಚ್ ಬೇಕೆಂದರೆ ಇರಲಿ ಎಂದು ಬೋರ್ಡಿಗೂ ಒಂದು ನ್ಯೂಟ್ರಲ್ ಎಳೆಸಿಡಲಾಯಿತು. ಎಲೆಕ್ಟ್ರಿಷಿಯನ್ ಎಲ್ಲ ಲೈಟನ್ನೂ ಯುಪಿಎಸ್ ಲೈನಿಗೆ ಸೇರಿಸಲು ಹೊರಟಿದ್ದರು. ಕರೆಂಟು ಹೋದಾಗ ಕೋವ್ ಉರಿದು ಯಾರಿಗೇನು? ದಾರಿಯ ಎರಡು ಮತ್ತು ನಿಲುವು ದೀಪ, ಒಟ್ಟು 23 ವಾಟ್, ಜೊತೆಗೆ ಫ್ಯಾನು. ಯುಪಿಎಸ್‌ಗೆ ಅಷ್ಟೇ.