ಏಣಿನ ಮೇಲೆ ನೀರಿಲ್ಲ

ಬೆಟ್ಟದ ಏಣು ಅಂದರೆ ಎರಡು ಬದಿಯ ಇಳಿಜಾರುಗಳು ಕೂಡುವ ಎತ್ತರದ ಅಂಚು. ಅದರ ಮೇಲೆ ಸಾಗುವ ದಾರಿ ಅಂದರೆ ಮೊದಲು ಒಮ್ಮೆ ಹತ್ತಿಬಿಟ್ಟರೆ ಆಮೇಲೆ ಆರಾಮ ಎಂದುಕೊಂಡಿದ್ದೆ. ಹಾಗಲ್ಲ. ಏಣಿನ ಉದ್ದಕ್ಕೂ ಏರಿಳಿತ. ಇದೇ ನೆತ್ತಿ ಎಂದು ಏರಿದರೆ, ಅದರಾಚೆ ಇನ್ನೊಂದು ನಿಂತಿರುತ್ತದೆ.

ಹಿಂದಿನ ರಾತ್ರಿ ನಾನೂ ಗೆಳತಿಯೂ ಲೆಕ್ಕ ಹಾಕಿದ್ದೆವು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಈಗಲೂ ಬಳಸುತ್ತಾರೆ. 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಕೊನೆಯ ವ್ಯೂಪಾಯಿಂಟಿಗೆ 10 ಕಿಲೋಮೀಟರ್, ಏರು 900 ಮೀಟರ್. ಮೂರೂವರೆ ಗಂಟೆ ಸಾಕು ಅನ್ನಿಸಿತ್ತು. ಆದರೆ ಒದ್ದೆ ಬೇರುಗಳ ಮೇಲೆ ಜಾರದಂತೆ ಕಾಲಿಡುವ ಹೊತ್ತು, ಸುಮ್ನೆ ನಿಂತು ನೋಡುವ ಹೊತ್ತು ಆ ಲೆಕ್ಕದಲ್ಲಿಲ್ಲ.

ಮೊದಲ ವ್ಯೂಪಾಯಿಂಟಿನಲ್ಲಿ ಕಂಡದ್ದು ಬರೀ ಬಿಳುಪು. ತೇವದ ಗಾಳಿ ಇಳಿಜಾರಿನ ಮೇಲೆ ಏರುತ್ತಾ ತಣ್ಣಗಾಗಿ ಮೋಡವಾಗುತ್ತದೆ. ನಾವು ಆ ಮೋಡದ ಒಳಗೇ ನಿಂತಿದ್ದೆವು. ಮಳೆ ಇರಲಿಲ್ಲ, ಆದರೂ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಗಾಳಿ ಬರುವ ಕಡೆಯ ಮರಗಳಿಗೆಲ್ಲ ದಪ್ಪ ಪಾಚಿ. ದಾರಿ ದಾಟಿ ಆ ಕಡೆ ಹತ್ತು ಹೆಜ್ಜೆ ಇಳಿದರೆ ಕಾಲಡಿ ತರಗೆಲೆ ಚರಚರ ಎನ್ನುತ್ತಿತ್ತು. ಒಂದೇ ಬೆಟ್ಟ, ಎರಡು ಕಾಡು. ನನಗೆ ಆ ದಿನ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಮೇಲೆ ಹೋದಂತೆ ಮರಗಳು ಗಿಡ್ಡವಾಗಿ, ಕೊಂಬೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಅಲ್ಲಿ ದಿನವೂ ಎಂಥ ಗಾಳಿ ಬೀಸುತ್ತದೆ ಅಂತ ಕೇಳಬೇಕಾಗಿರಲಿಲ್ಲ.

ಎರಡನೆಯ ವ್ಯೂಪಾಯಿಂಟಿನ ಬಂಡೆಯ ಮೇಲೆ ಕೂತಿದ್ದಾಗ ಮೋಡ ಸರಿಯಿತು. ನಾವು ನಡೆದು ಬಂದ ಏಣು ಪೂರ್ತಿ ಕಂಡಿತು. ಅದರ ಮೇಲೆ ಇದ್ದಾಗ ಬರೀ ಮರಗಳು ಕಂಡಿದ್ದವು, ಅದರ ಆಕಾರವೇ ತಿಳಿದಿರಲಿಲ್ಲ. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಫೋಟೊ ತೆಗೆಯಬೇಕೆಂದೂ ಹೊಳೆಯಲಿಲ್ಲ.

ಆಮೇಲೆ ಅವಳು ಬಾಟಲಿ ಎತ್ತಿ ತೋರಿಸಿದಳು. "ಇಷ್ಟೇ ಇರೋದು ಕಣೇ. ವಾಪಸ್ ಹೋಗೋಣ್ವಾ?"

ಮೂರನೆಯದು ಇನ್ನೊಂದು ಕಿಲೋಮೀಟರ್ ಅಷ್ಟೇ. ಕಣ್ಣಿಗೆ ಕಾಣುತ್ತಿತ್ತು. ಆದರೆ ಏಣಿನ ಮೇಲೆ ಬಿದ್ದ ಮಳೆ ಎರಡೂ ಬದಿಗೆ ಇಳಿದುಹೋಗುತ್ತದೆ. ಬೆಳಗಿನಿಂದ ಒಂದು ತೊರೆಯೂ ಸಿಕ್ಕಿರಲಿಲ್ಲ, ಮುಂದೆ ಸಿಗುವ ನಂಬಿಕೆಯೂ ಇರಲಿಲ್ಲ. ಬೇಜಾರಾಯಿತು, ನಿಜ. "ಹೂಂ, ನಡಿ" ಅಂದೆ.

ಇಳಿಯುವಾಗ ಮಂಡಿ ನೋಯತೊಡಗಿತು. ಮೂರು ಗಂಟೆಯ ನಂತರ ಕೆಳಗಿನ ಕಣಿವೆಯಿಂದ ತೊರೆಯ ಸದ್ದು ಕೇಳಿಸಿತು. ಅಲ್ಲೇ ನಿಂತು, ಬಾಟಲಿಯ ತಳದಲ್ಲಿ ಉಳಿದಿದ್ದ ಎರಡು ಗುಟುಕನ್ನು ಹಂಚಿಕೊಂಡು ಕುಡಿದೆವು.