ಎರಡು ಮೊಣಕಾಲು, ಎರಡು ಔಷಧ

"ಹೋದ ಸಲದಂಗ ಕಾಲು ಕಲ್ಲ ಮಾಡಬ್ಯಾಡ್ರಿ, ಬಾಯಾರ."

ಆಪರೇಷನ್ ಥಿಯೇಟರ್ ಬಾಗಿಲಲ್ಲೇ ಆಯಿ ನನ್ನ ಕೈ ಹಿಡಿದು ಹೀಗಂದರು. ಇಂಡಿ ಕಡೆಯವರು, 68 ವರ್ಷ. ಹೋದ ವರ್ಷ ಇಲ್ಲೇ ವಿಜಯಪುರದಲ್ಲಿ ಅವರ ಎಡ ಮೊಣಕಾಲು ಬದಲಿಸಿದ್ದರು. ಈಗ ಬಲಗಾಲಿನ ಸರದಿ. ಎರಡೂ ಸಲ ಅರಿವಳಿಕೆ ಕೊಟ್ಟವಳು ನಾನೇ.

ಹೋದ ಸಲ ಎಪಿಡ್ಯೂರಲ್‌ನಲ್ಲಿ, ಅಂದರೆ ಬೆನ್ನುಹುರಿಯ ಪೊರೆಯ ಹೊರಗೆ ಸಣ್ಣ ನಳಿಗೆ ಬಿಟ್ಟು, 0.5% ಬುಪಿವಕೇನ್ ಅನ್ನೋ ಮರಗಟ್ಟಿಸುವ ಔಷಧ ಕೊಟ್ಟಿದ್ದೆ. ನೋವು ಒಂಚೂರೂ ಇರಲಿಲ್ಲ. ಆಪರೇಷನ್ ಮುಗಿಯುವ ಮೊದಲು ಇನ್ನೊಂದು ಡೋಸ್ ಕೂಡ ಹಾಕಿದ್ದೆ. ಸಂಜೆ ನಾಲ್ಕಕ್ಕೆ ವಾರ್ಡಿಗೆ ಹೋದರೆ ಆಯಿ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದರು. ಬೆರಳು ಆಡಿಸಲು ಬರುತ್ತಿಲ್ಲ, ಕಾಲು ಹೋಯಿತು ಅಂದುಕೊಂಡಿದ್ದರು. ಮಗನಿಗೂ ಹೇಳಿರಲಿಲ್ಲ. ಇಷ್ಟು ಹೊತ್ತು ಕಾಲು ಭಾರ ಇರುತ್ತೆ ಅಂತ ನಾನು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ. ನೋವಿಲ್ಲ ಅಂದ್ಮೇಲೆ ಎಲ್ಲ ಸರಿ ಅಂತ ಕೇಸ್ ಶೀಟಿನಲ್ಲಿ ಬರೆದು ಹೋಗಿದ್ದೆ. ರಾತ್ರಿ ಕಾಲು ಬಂತು. ಆದರೆ ಆ ಕೆಲವು ತಾಸು ಅವರು ಪಟ್ಟ ಭಯ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಈ ಸಲ ಅದೇ ಬಳಗದ ಇನ್ನೊಂದು ಔಷಧ, ರೋಪಿವಕೇನ್ ಅಂತ ತೀರ್ಮಾನ ಮಾಡಿದೆ. ಬುಪಿವಕೇನ್ ಕೆಟ್ಟ ಔಷಧ ಅಂತಲ್ಲ. 1957ರಿಂದ ಇರುವ ಔಷಧ, ಇವತ್ತಿಗೂ ನಮ್ಮ ಕೈಯಲ್ಲಿ ಜಾಸ್ತಿ ಓಡಾಡುವುದು ಅದೇ. ಆದರೆ ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 1979ರಲ್ಲಿ ಈ ಬಗ್ಗೆ ಎಚ್ಚರಿಕೆ ಬಂದ ಮೇಲೆ ಬೇರೆ ಔಷಧದ ಹುಡುಕಾಟ ಜೋರಾಯಿತು. ಬುಪಿವಕೇನ್‌ನಲ್ಲಿ ಎಡಗೈ ಬಲಗೈ ಥರದ ಎರಡು ರೂಪದ ಅಣುಗಳು ಬೆರೆತಿರುತ್ತವೆ. ರೋಪಿವಕೇನ್‌ನಲ್ಲಿ ಎಡಗೈಯದು ಮಾತ್ರ. ಹೃದಯಕ್ಕೆ ಅಪಾಯ ಕಡಿಮೆ, ಕಾಲಿನ ಬಲವನ್ನೂ ಅಷ್ಟು ಕಸಿದುಕೊಳ್ಳುವುದಿಲ್ಲ. ಆದರೆ ಶಕ್ತಿ ಸ್ವಲ್ಪ ಕಡಿಮೆ, ಹಾಗಾಗಿ 0.75% ಬೇಕು. ಬೆಲೆಯೂ ಜಾಸ್ತಿ. ಮಗನಿಗೆ ಎಲ್ಲ ಬಿಡಿಸಿ ಹೇಳಿದೆ. ಈ ಸಲ ಆಯಿಗೂ ಹೇಳಿದೆ.

"ರೊಟ್ಟಿ ಬಡಿಯೋವಾಗ ಬಾಗ್ತೀರಲ್ಲ ಆಯಿ, ಹಂಗ ಬಾಗ್ರಿ."

ಬಾಗಿದರು. ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವೆ ಸೂಜಿ ನಿಧಾನಕ್ಕೆ ಒಳಗೆ ಹೋಯಿತು. ಬೆರಳಿನಿಂದ ಒತ್ತಿದರೂ ಬಗ್ಗದಿದ್ದ ಸಿರಿಂಜ್ ಒಮ್ಮೆಲೇ ಹಗುರಾಯಿತು. ಜಾಗ ಸಿಕ್ಕಿತು ಅನ್ನುವುದಕ್ಕೆ ಅದೇ ಗುರುತು. ಸಣ್ಣ ನಳಿಗೆ ಬಿಟ್ಟು, ಮೊದಲು ಅಡ್ರಿನಲಿನ್ ಬೆರೆತ ಲಿಗ್ನೋಕೇನ್ 3 ಮಿಲಿ ಹಾಕಿ ಮಾನಿಟರ್ ನೋಡುತ್ತಾ ನಿಂತೆ. ನಳಿಗೆ ರಕ್ತನಾಳದಲ್ಲಿದ್ದರೆ ಅಡ್ರಿನಲಿನ್‌ಗೆ ನಾಡಿ ಜಿಗಿಯುತ್ತದೆ. ಜಿಗಿಯಲಿಲ್ಲ. ಆಮೇಲೆ ರೋಪಿವಕೇನ್ ಸ್ವಲ್ಪ ಸ್ವಲ್ಪವಾಗಿ, ಒಟ್ಟು 15 ಮಿಲಿ.

ಸ್ಪಿರಿಟ್ ಅದ್ದಿದ ಹತ್ತಿಯನ್ನು ತೊಡೆಗೆ ಮುಟ್ಟಿಸಿ "ತಣ್ಣಗ ಅನಸ್ತದೇನ್ರಿ?" ಅಂತ ಕೇಳುತ್ತಾ ಹೋದೆ. ಸುಮಾರು ಇಪ್ಪತ್ತು ನಿಮಿಷಕ್ಕೆ "ಇಲ್ಲ" ಅಂದರು. ಆಪರೇಷನ್ ಪೂರ್ತಿ ಮಾತಾಡುತ್ತಲೇ ಇದ್ದರು, ಸಿದ್ಧೇಶ್ವರ ಜಾತ್ರೆಯ ಸುದ್ದಿ.

ಮಧ್ಯಾಹ್ನ ನೋವು ಹೋದ ಸಲಕ್ಕಿಂತ ಬೇಗ ತಲೆ ಎತ್ತಿತು, ಅದನ್ನು ಮುಚ್ಚಿಡುವುದಿಲ್ಲ. ಪಂಪಿನಲ್ಲಿ 0.2% ರೋಪಿವಕೇನ್ ಶುರು ಮಾಡಿದ ಮೇಲೆ ತಡೆಯಿತು. ಒಬ್ಬರ ಎರಡು ಕಾಲು ನೋಡಿ ಯಾವ ಔಷಧ ಮೇಲು ಅಂತ ಹೇಳೋಕಾಗಲ್ಲ, ಅಲ್ವಾ? ಆದರೆ ಈ ಆಯಿಗೆ ಬೇಕಿದ್ದದ್ದು ಏನು ಅಂತ ನನಗೆ ಈ ಸಲ ಗೊತ್ತಿತ್ತು.

ಮೂರು ಗಂಟೆಗೆ ಹೊದಿಕೆ ಸರಿಸಿದೆ. ಥಿಯೇಟರ್‌ಗೆ ಒಯ್ಯುವ ಮುಂಚೆ ಕಾಲುಂಗುರ ತೆಗೆಸಿದ್ದೆವು. ಅದು ಇದ್ದ ಜಾಗದಲ್ಲಿ ಬೆರಳಿನ ಸುತ್ತ ಬಿಳಿ ಗೆರೆ. ಆ ಬೆರಳು ಸಣ್ಣಗೆ ಅಲುಗಿತು. ಮತ್ತೊಮ್ಮೆ ಅಲುಗಿತು. ಆಯಿ ಅದನ್ನೇ ನೋಡುತ್ತಿದ್ದರು.

"ನನ್ನ ಕಾಲುಂಗ್ರ ಎಲ್ಲಿಟ್ಟೀರಿ, ತರ್ರಿ," ಅಂದರು.