ಎಡಗಾಲಿನ ಸ್ಪರ್

ಅಮೆರಿಕದ ನೆವಾಡಾ ರಾಜ್ಯದ ರೀನೊ ಊರು ಹಿಂದೆ ಬಿದ್ದ ಮೇಲೆ ಹೆದ್ದಾರಿಯ ಎರಡೂ ಕಡೆ ಬೂದುಹಸಿರು ಸೇಜ್‌ಬ್ರಷ್ ಪೊದೆಗಳ ಹೊರತು ಕಣ್ಣಿಗೆ ಬೀಳುವುದು ಕಡಿಮೆ. ಲವ್‌ಲಾಕ್, ವಿನ್ನೆಮಕ್ಕ, ಬ್ಯಾಟಲ್ ಮೌಂಟನ್: ಹೆಸರು ದೊಡ್ಡವು, ಊರು ಚಿಕ್ಕವು. ದಾರಿಗೆ ಜೊತೆಯಾಗುವುದು ಹಂಬೋಲ್ಟ್ ನದಿ. ಅದೂ ಸಮುದ್ರದ ಮುಖ ಕಾಣದ ನದಿ, ಲವ್‌ಲಾಕಿನ ಹತ್ತಿರದ ಬಯಲಿನಲ್ಲೇ ಇಂಗಿಹೋಗುತ್ತದೆ. ಸುಮಾರು 465 ಕಿಲೋಮೀಟರ್ ಓಡಿಸಿ ಸಂಜೆ ಎಲ್ಕೊ ಸೇರಿದಾಗ ರೂಬಿ ಬೆಟ್ಟಗಳ ನೆತ್ತಿಯಲ್ಲಿ ಅಕ್ಟೋಬರಿನ ಹಿಮ ಆಗಲೇ ಕೂತಿತ್ತು.

ನಾನು ಕುದುರೆ ಏರಿದವನಲ್ಲ. ಹುಟ್ಟಿದ್ದು ಬೀದರಿನಲ್ಲಿ, ಹೊಟ್ಟೆಪಾಡು ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರಿನ ಮುಂದೆ. ನೆವಾಡಾದಲ್ಲಿ ಮಾಡಿದ ಹಳೆಯ ಸ್ಪರ್ ಒಂದರ ಚಿತ್ರ ಕಂಡದ್ದೇ ಈ ಪ್ರಯಾಣಕ್ಕೆ ಕಾರಣ. ಸ್ಪರ್ ಎಂದರೆ ಸವಾರ ಬೂಟಿನ ಹಿಮ್ಮಡಿಗೆ ಕಟ್ಟಿಕೊಳ್ಳುವ ಮುಳ್ಳುಚಕ್ರದ ಸಾಧನ. ಕಪ್ಪು ಉಕ್ಕಿನ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿತ್ತು. ಇದು ನಮ್ಮ ಬಿದ್ರಿಯಲ್ಲವೇ ಎಂದುಕೊಂಡೆ. ಎಲ್ಕೊ ಹೊರವಲಯದ ಕುಶಲಕರ್ಮಿಯೊಬ್ಬರು ಐದು ದಿನ ಕಲಿಸಲು ಒಪ್ಪಿದರು. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕೈ ನಡುಗುತ್ತದೆಯೇ?’

ಮರುದಿನ ಬೆಳಿಗ್ಗೆ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಕ್ಯಾಲಿಫೋರ್ನಿಯಾದಿಂದ ಬಂದ ಜಿ. ಎಸ್. ಗಾರ್ಸಿಯಾ 1890ರ ದಶಕದಲ್ಲಿ ಜೀನು, ಕಡಿವಾಣ, ಸ್ಪರ್‌ಗಳ ಅಂಗಡಿ ಹಾಕಿದ್ದು ಈ ಊರಿನಲ್ಲಿ. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಅವರ ಜೀನಿಗೆ ಚಿನ್ನದ ಪದಕ ಬಂತು. ಅವರ ಹಳೆಯ ಅಂಗಡಿ ಈಗ ಸಣ್ಣ ಸಂಗ್ರಹಾಲಯ. ಕುದುರೆ ಸಾಮಾನಿಗೆ ಬೆಳ್ಳಿ ತೊಡಿಸುವ ಚಟ ಸ್ಪೇನಿನಿಂದ ಮೆಕ್ಸಿಕೊಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ, ಕೊನೆಗೆ ಈ ಒಣನೆಲಕ್ಕೆ ದನಗಾಹಿಗಳ ಜೊತೆಯಲ್ಲೇ ಬಂದಿದೆ. ಅವರನ್ನು ಸ್ಪ್ಯಾನಿಷ್‌ನಲ್ಲಿ ‘ವಕೇರೊ’ ಎನ್ನುತ್ತಾರೆ. ಇಂಗ್ಲಿಷ್ ನಾಲಿಗೆಯಲ್ಲಿ ಸವೆದು ಅದು ‘ಬಕರೂ’ ಆಗಿದೆ. ಎಲ್ಕೊದಲ್ಲಿ ಯಾರನ್ನಾದರೂ ಕೌಬಾಯ್ ಎಂದರೆ ಬೇಸರವೇನಿಲ್ಲ, ಬಕರೂ ಎಂದರೆ ಬೆನ್ನು ನೆಟ್ಟಗಾಗುತ್ತದೆ.

ಕೆತ್ತನೆ ಕಲಿಯಲು ಹೋದವನಿಗೆ ಮೊದಲೆರಡು ದಿನ ಸಿಕ್ಕಿದ್ದು ಗರಗಸ ಮತ್ತು ಅರ. ಟೆಕ್ಸಾಸ್ ಕಡೆಯವರು ಹಿಮ್ಮಡಿಯ ಪಟ್ಟಿ, ಅದರಿಂದ ಹಿಂದಕ್ಕೆ ಚಾಚುವ ದಂಡ ಎರಡನ್ನೂ ಒಂದೇ ಉಕ್ಕಿನ ತುಂಡಿನಿಂದ ಬಡಿದು ತೆಗೆಯುವುದಕ್ಕೆ ಹೆಸರಾದವರು. ಹಿಂದಿನ ಕಾಲದಲ್ಲಿ ಹಳೆಯ ಕಾರಿನ ಆಕ್ಸಲ್ ಕೂಡ ಸ್ಪರ್ ಆಗುತ್ತಿತ್ತಂತೆ. ಕ್ಯಾಲಿಫೋರ್ನಿಯಾ ಪದ್ಧತಿಯಲ್ಲಿ ಎರಡನ್ನೂ ಬೇರೆ ಬೇರೆ ಮಾಡಿ ಕೂಡಿಸುತ್ತಾರೆ. ದಂಡದ ತುದಿಯ ಸೀಳಿನಲ್ಲಿ ತಿರುಗುವ ಚಕ್ರಕ್ಕೆ ರೌಲ್ ಎಂದು ಹೆಸರು. ನನ್ನದಕ್ಕೆ ಹನ್ನೆರಡು ಹಲ್ಲು ಬೇಕಿತ್ತು. ಗುರುಗಳು ಕೈವಾರ ಕೊಟ್ಟು ಸುಮ್ಮನೆ ನಿಂತರು. ತ್ರಿಜ್ಯದ ಅಳತೆಯಲ್ಲೇ ವೃತ್ತದ ಮೇಲೆ ಹೆಜ್ಜೆ ಹಾಕಿದರೆ ಆರು ಗುರುತು, ಅವುಗಳ ನಡುವೆ ಅರ್ಧ ಮಾಡಿದರೆ ಹನ್ನೆರಡು. ಎಂಟನೇ ತರಗತಿಯ ರೇಖಾಗಣಿತ ಇಷ್ಟು ವರ್ಷಗಳ ಮೇಲೆ ಅನ್ನಕ್ಕೆ ಬಂತು. ಹಲ್ಲುಗಳ ತುದಿಯನ್ನು ನಾನು ಸೂಜಿ ಮಾಡಲು ಹೊರಟಿದ್ದೆ. ಅವರು ತಮ್ಮ ಅಂಗೈ ಮೇಲೆ ಚಕ್ರವನ್ನು ಒತ್ತಿ ಉರುಳಿಸಿ ತೋರಿಸಿದರು: ‘ಕುದುರೆಗೆ ಹೇಳಬೇಕು, ಚುಚ್ಚಬಾರದು.’ ಮತ್ತೆ ಎಲ್ಲ ಹಲ್ಲನ್ನೂ ಮೊಂಡು ಮಾಡಿದೆ.

ಮೂರನೆಯ ದಿನ ಬೆಳ್ಳಿ. ಉಕ್ಕಿನಲ್ಲಿ ತೋಡಿ ಕೂರಿಸುವುದು ಒಂದು ಬಗೆ, ಮೇಲೆ ಹೊದಿಸಿ ಬೆಸೆಯುವುದು ಇನ್ನೊಂದು. ನನಗೆ ಎರಡನೆಯದೇ ಸಾಕೆಂದರೂ, ನಾನು ಬೀದರಿನ ಕಥೆ ಹೇಳಿದ್ದು ಕೇಳಿ ಒಂದು ರದ್ದಿ ತುಂಡಿನ ಮೇಲೆ ಮೊದಲನೆಯದನ್ನೂ ತೋರಿಸಿದರು. ತೋಡಿನ ಅಂಚನ್ನು ಒಳಗೊಳಗೆ ಕೊರೆದು, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು ಮಾಡಿ, ಬೆಳ್ಳಿಯಿಟ್ಟು ಸುತ್ತಿಗೆಯಿಂದ ಟಕಟಕ ಬಡಿದರು. ಬೆಳ್ಳಿ ಒಳಗೆ ಹರಡಿ ಕಚ್ಚಿಕೊಂಡಿತು. ನಮ್ಮೂರಿನ ಓಣಿಯಲ್ಲಿ ಕೇಳಿದ್ದ ಅದೇ ಸದ್ದು. ನಮ್ಮವರು ಬಡಿಯುವುದು ಸತು ಮತ್ತು ತಾಮ್ರದ ಮೆದು ಮಿಶ್ರಣಕ್ಕೆ, ಆಮೇಲೆ ಕೋಟೆಯ ಮಣ್ಣು ಬಳಸಿ ಕಪ್ಪೇರಿಸುತ್ತಾರೆ. ಇಲ್ಲಿ ಉಕ್ಕು, ಉಳಿಯ ಮೂಗನ್ನೇ ಮುರಿಯುತ್ತದೆ. ಕಪ್ಪು ನೆಲ, ಬಿಳಿ ಬಳ್ಳಿ ಎಂಬ ಆಸೆ ಮಾತ್ರ ಎರಡೂ ಕಡೆ ಒಂದೇ.

ಬೆಸುಗೆಗೆ ಬಿಳಿಗಾರವೇ ಬೇಕು, ನಮ್ಮ ಅಕ್ಕಸಾಲಿಗರ ಬಿಳಿಗಾರ. ಉರಿಯನ್ನು ಬೆಳ್ಳಿಗೆ ತೋರಿಸಬಾರದು, ಕೆಳಗಿನಿಂದ ಉಕ್ಕಿಗೆ ಕೊಡಬೇಕು. ಬೆಸುಗೆ ಬಿಸಿಯ ಹಿಂದೆಯೇ ಓಡುತ್ತದೆ. ಉಕ್ಕು ಮಂಕಾಗಿ ಕೆಂಪಡರುವ ಹೊತ್ತಿಗೆ ಬೆಳ್ಳಿಯ ಅಂಚಿನ ಸುತ್ತ ಹೊಳಪಿನ ಗೆರೆಯೊಂದು ಸರ್ರನೆ ಹರಿಯಿತು. ಅದು ಕಂಡ ಕ್ಷಣವೇ ಉರಿ ಹಿಂದೆಗೆಯಬೇಕು. ಇನ್ನೆರಡು ಉಸಿರು ತಡೆದಿದ್ದರೆ ಬೆಳ್ಳಿಯೇ ಕರಗಿ ಗುಡ್ಡೆಯಾಗುತ್ತಿತ್ತು.

ಕೆತ್ತನೆಗೆ ಉಳಿದದ್ದು ಎರಡು ದಿನ. ಅದರಲ್ಲಿ ಅರ್ಧ ಸಾಣೆಗೇ ಹೋಯಿತು. ಉಳಿಯ ತುದಿಯನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿದರೆ ಅದು ಅಲ್ಲೇ ಕಚ್ಚಬೇಕು. ಜಾರಿದರೆ ಮತ್ತೆ ಕಲ್ಲಿಗೆ. ಬೆಳ್ಳಿಗೆ ಬಿಳಿ ಬಣ್ಣ ತೆಳ್ಳಗೆ ಸವರಿ, ಪೆನ್ಸಿಲಿನಲ್ಲಿ ಬಳ್ಳಿ ಬರೆದು, ಸೂಜಿಯಿಂದ ಗೀರಿಕೊಂಡೆ. ಬಲಗೈ ಉಳಿಯನ್ನು ಓಡಿಸುತ್ತದೆಂದು ನಾನು ತಿಳಿದಿದ್ದೆ. ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತು ಒತ್ತುತ್ತದೆ, ಅಷ್ಟೇ. ಎಡಗೈ ಸ್ಪರ್ ಕಚ್ಚಿ ಹಿಡಿದ ದುಂಡು ಇಕ್ಕಳವನ್ನು ತಿರುಗಿಸುತ್ತಾ ಬೆಳ್ಳಿಯನ್ನು ಉಳಿಯ ಬಾಯಿಗೆ ಉಣಿಸುತ್ತದೆ. ಸುರುಳಿ ಹುಟ್ಟುವುದು ಎಡಗೈಯಲ್ಲಿ. ಉಳಿಯ ಮುಂದೆ ಬೆಳ್ಳಿಯ ಎಳೆ ಉಗುರಿನ ಚೂರಿನಂತೆ ಬಾಗಿ ಏಳುತ್ತಿತ್ತು, ಹಿಂದೆ ತೋಡು ಥಳಥಳ. ಎರಡು ಸುರುಳಿ ಆಗಿತ್ತಷ್ಟೇ, ಉಳಿ ಜಾರಿ ಬಳ್ಳಿಯ ಆಚೆ ಉದ್ದಕ್ಕೆ ಗೀಚು ಬಿತ್ತು. ‘ಜಾರುವ ಉಳಿಗೆ ಯಾವಾಗಲೂ ಚಂದದ ಜಾಗವೇ ಬೇಕು’ ಎಂದು ನಕ್ಕರು. ಗೀಚಿನ ಮೇಲೊಂದು ಎಲೆ ಕೆತ್ತಿಸಿದರು. ನನ್ನ ಸ್ಪರ್‌ನಲ್ಲಿ ಅರ್ಥವಿಲ್ಲದ ಕಡೆ ಎಲೆಯೊಂದಿದ್ದರೆ ಕಾರಣ ಇದು.

ರಾತ್ರಿ ಊಟ ಸ್ಟಾರ್ ಹೋಟೆಲಿನಲ್ಲಿ. 1910ರಲ್ಲಿ ಸ್ಪೇನ್–ಫ್ರಾನ್ಸ್ ಗಡಿಸೀಮೆಯ ಬಾಸ್ಕ್ ಕುರಿಗಾಹಿಗಳ ವಸತಿಗೆಂದು ಶುರುವಾದ ಜಾಗ. ಮಾಂಸ ತಿನ್ನದವನಿಗೆ ಬೀನ್ಸ್, ಬ್ರೆಡ್ಡು, ಬೆಳ್ಳುಳ್ಳಿ ಸುರಿದ ಸಲಾಡ್ ಧಾರಾಳ.

ಐದನೆಯ ದಿನ ಮಧ್ಯಾಹ್ನಕ್ಕೆ ಎಡಗಾಲಿನದೊಂದೇ ಮುಗಿದಿತ್ತು. ಬಲಗಾಲಿನದು ಅದರ ಕನ್ನಡಿಬಿಂಬವಾಗಬೇಕು, ಪ್ರತಿ ಸುರುಳಿಯೂ ತಿರುವುಮುರುವು. ಅದು ಇನ್ನೊಂದು ವಾರದ ಮಾತು. ರೌಲಿನ ಗೂಟಕ್ಕೆ ಪುಟ್ಟ ಲೋಲಕಗಳೆರಡನ್ನು ತೂಗಿಬಿಟ್ಟೆ. ನಡೆದರೆ ಅವು ಕಿಣಿಕಿಣಿ ಎನ್ನಬೇಕು. ಗುರುಗಳು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೆತ್ತನೆ ನೋಡುತ್ತಾರೆಂದು ಕಾದೆ. ಅವರು ಅದನ್ನು ತಮ್ಮ ಬೂಟಿಗೆ ಬಿಗಿದುಕೊಂಡು ಕುದುರೆಗಳಿಗೆ ಹುಲ್ಲು ಹಾಕಲು ಹೋಗಿಬಿಟ್ಟರು. ಅರ್ಧ ಗಂಟೆ ಕಳೆದು ಬಂದಾಗ ನನ್ನ ಬೆಳ್ಳಿಬಳ್ಳಿಯ ಮೇಲೆ ಧೂಳು, ಹುಲ್ಲಿನ ಚೂರು, ಒಂದಿಷ್ಟು ಲದ್ದಿ.

‘ರೌಲ್ ಸ್ವಲ್ಪ ಬಿಗಿ’ ಎಂದು ಅರ ನನ್ನ ಕೈಗೆ ಕೊಟ್ಟರು.